ಊಟದ ಬೋಗಿಯ ಪರದೆ

ಪಂಕ್ತಿಭೇದ ಎಂಬ ಮಾತಿಗೆ ಕನ್ನಡದಲ್ಲಿ ವಿವರಣೆ ಬೇಕಿಲ್ಲ. ಒಂದೇ ಒಲೆಯಲ್ಲಿ ಬೆಂದ ಅನ್ನವನ್ನು ಒಂದೇ ಸೂರಿನಡಿ ಬಡಿಸಿದರೂ ಯಾರು ಎಲ್ಲಿ ಕೂರಬೇಕು, ಯಾರು ಯಾರ ಕಣ್ಣಿಗೆ ಬೀಳದಂತೆ ಉಣ್ಣಬೇಕು, ಯಾರ ಎಲೆ ಎದ್ದ ಮೇಲೆ ಯಾರ ಎಲೆ ಬೀಳಬೇಕು ಎಂಬ ಕಟ್ಟಳೆಯೆಲ್ಲ ಆ ಒಂದು ಸಮಾಸದಲ್ಲಿ ಅಡಗಿದೆ. ಮಠ, ಛತ್ರ, ಮದುವೆಮನೆಗಳ ಸಂದರ್ಭದಲ್ಲಿ ಬಳಕೆಯಾಗುವ ಈ ಪದವನ್ನು ಭಾರತದ ಜಾತಿವ್ಯವಸ್ಥೆಗೆ ಮಾತ್ರ ಅನ್ವಯಿಸುವುದು ರೂಢಿ. ಆದರೆ 20ನೆಯ ಶತಮಾನದ ನಡುಭಾಗದವರೆಗೂ ಅಮೆರಿಕದ ದಕ್ಷಿಣ ರಾಜ್ಯಗಳನ್ನು ಹಾದು ಓಡುತ್ತಿದ್ದ ದೂರಪ್ರಯಾಣದ ರೈಲುಗಳಲ್ಲಿ ಇದೇ ಪಂಕ್ತಿಭೇದ ಬಟ್ಟೆಯ ಪರದೆಯೊಂದರ ರೂಪದಲ್ಲಿ ತೂಗುತ್ತಿತ್ತು. ಆ ಪರದೆಯನ್ನು ಇಳಿಸಲು ಒಬ್ಬ ಪ್ರಯಾಣಿಕ ಎಂಟು ವರ್ಷ ಆಯೋಗ, ನ್ಯಾಯಾಲಯಗಳನ್ನು ಹತ್ತಿ ಇಳಿಯಬೇಕಾಯಿತು.

ರೈಲು ಬಂದೊಡನೆಯೇ ಊಟದ ಬೋಗಿ ಬಂದುದಲ್ಲ. ಎಂಜಿನ್ನಿಗೆ ನೀರು, ಕಲ್ಲಿದ್ದಲು ತುಂಬಲು ಗಾಡಿ ನಿಂತಾಗ ಪ್ರಯಾಣಿಕರು ಇಳಿದು ಓಡಿ, ಸಿಕ್ಕಿದ್ದನ್ನು ನುಂಗಿ, ಸೀಟಿಯ ಸದ್ದಿಗೆ ಮತ್ತೆ ಓಡಿಬರುವುದು ಮೊದಲಿನ ಪದ್ಧತಿ. 1876ರಲ್ಲಿ ಕಾನ್ಸಾಸ್ ರಾಜ್ಯದ ಟೊಪೀಕಾ ನಿಲ್ದಾಣದಲ್ಲಿ ಫ್ರೆಡ್ ಹಾರ್ವಿ ಎಂಬಾತ ತೆರೆದ ಭೋಜನಗೃಹ ಹೆಸರು ಮಾಡಿದ್ದು ಆ ಅಲ್ಪಾವಧಿಯಲ್ಲಿಯೂ ಮನುಷ್ಯರಿಗೆ ತಕ್ಕ ಊಟ ಸಿಗುವಂತೆ ಮಾಡಿದ್ದಕ್ಕೆ. ಅದಕ್ಕೂ ಮೊದಲೇ, 1868ರಲ್ಲಿ, ಜಾರ್ಜ್ ಪುಲ್‌ಮನ್ ನ್ಯೂಯಾರ್ಕಿನ ಪ್ರಸಿದ್ಧ ಹೋಟೆಲೊಂದರ ಹೆಸರಿನಲ್ಲಿ ‘ಡೆಲ್ಮಾನಿಕೊ’ ಎಂಬ ಊಟದ ಬೋಗಿಯನ್ನು ಹಳಿಯ ಮೇಲಿಳಿಸಿದ್ದ. ಆದರೆ ಓಡುವ ಗಾಡಿಯಲ್ಲಿ ಒಂದು ಬೋಗಿಯಿಂದ ಇನ್ನೊಂದಕ್ಕೆ ದಾಟುವುದು ತೆರೆದ ಕಟ್ಟೆಯ ಮೇಲೆ ಗಾಳಿ, ಮಸಿ, ಮಳೆಗೆ ಮೈಯೊಡ್ಡಿ ಮಾಡಬೇಕಾದ ಸಾಹಸವಾಗಿತ್ತು. 1887ರಲ್ಲಿ ಪುಲ್‌ಮನ್ ಕಂಪನಿ ಎರಡು ಬೋಗಿಗಳ ನಡುವೆ ಮುಚ್ಚಿದ ದಾರಿಯನ್ನು ಜೋಡಿಸಿದ ಮೇಲೆಯೇ ಊಟದ ಬೋಗಿ, ಅದರಾಚೆಗೆ ಸೋಫಾಗಳನ್ನಿಟ್ಟು ಪತ್ರಿಕೆ ಓದುತ್ತ ಕೂರುವ ವಿಶ್ರಾಂತಿ ಬೋಗಿ, ಇವೆಲ್ಲ ಸೇರಿ ರೈಲು ಒಂದು ಉದ್ದನೆಯ ಮನೆಯಂತಾಯಿತು. ಭಾರತದ ರೈಲುಗಳಿಗೆ ಈ ಒಳದಾರಿ ಬಹುಕಾಲ ಬರಲಿಲ್ಲ. ಊಟದ ಬೋಗಿಗೆ ಹೋಗಬೇಕಾದವರು ಒಂದು ನಿಲ್ದಾಣದಲ್ಲಿ ಇಳಿದು ಪ್ಲಾಟ್‌ಫಾರ್ಮಿನ ಮೇಲೆ ನಡೆದುಹೋಗಿ ಅದನ್ನು ಹತ್ತುತ್ತಿದ್ದರು. ಊಟ ಮುಗಿದರೂ ಮುಂದಿನ ನಿಲ್ದಾಣ ಬರುವವರೆಗೆ ಅಲ್ಲಿಯೇ ಕೂತಿರುತ್ತಿದ್ದರು.

ಈ ಉದ್ದನೆಯ ಮನೆಯ ಆಳುಕಾಳುಗಳು ಯಾರು ಎಂಬ ಪ್ರಶ್ನೆಯಲ್ಲಿ ಪರದೆಯ ಕಥೆಯ ಬೇರು ಇದೆ. ಅಂತರ್ಯುದ್ಧ 1865ರಲ್ಲಿ ಮುಗಿದು ಗುಲಾಮಗಿರಿ ರದ್ದಾದ ಬೆನ್ನಿಗೇ ಪುಲ್‌ಮನ್ ತನ್ನ ಮಲಗುವ ಬೋಗಿಗಳ ಸೇವೆಗೆ ಆರಿಸಿಕೊಂಡದ್ದು ಬಿಡುಗಡೆ ಹೊಂದಿದ ಕಪ್ಪು ಗುಲಾಮರನ್ನು. ಹಾಸಿಗೆ ಹಾಸುವ, ಬೂಟಿಗೆ ಹೊಳಪು ಹಚ್ಚುವ, ಕರೆದಾಗ ಓಡಿಬರುವ ಈ ಪೋರ್ಟರುಗಳನ್ನು ಪ್ರಯಾಣಿಕರು ಹೆಸರು ಕೇಳದೆ ‘ಜಾರ್ಜ್’ ಎಂದೇ ಕರೆಯುತ್ತಿದ್ದರು. ಆಳಿಗೆ ಒಡೆಯನ ಹೆಸರು ಅಂಟಿಸುವ ಗುಲಾಮಗಿರಿಯ ಕಾಲದ ಚಾಳಿ ಅದು. ಒಡೆಯ ಜಾರ್ಜ್ ಪುಲ್‌ಮನ್ ಆದ್ದರಿಂದ ಆಳುಗಳೆಲ್ಲ ಜಾರ್ಜ್. ಊಟದ ಬೋಗಿಯ ಸಿಬ್ಬಂದಿ ಬಹುಮಟ್ಟಿಗೆ ಆಯಾ ರೈಲು ಕಂಪನಿಯ ನೌಕರರು. ಅಲ್ಲಿಯೂ ಕ್ರಮ ಬೇರೆಯಲ್ಲ: ಬಾಣಸಿಗರು ಮತ್ತು ವೇಟರುಗಳು ಕಪ್ಪು ಜನ, ಅವರ ಮೇಲೊಬ್ಬ ಬಿಳಿಯ ಸ್ಟೀವರ್ಡ್. ಬೋಗಿಯ ಸುಮಾರು ಮೂರನೆಯ ಒಂದು ಭಾಗವಷ್ಟೇ ಅಡುಗೆಮನೆ. ಒಂದು ಪಕ್ಕದಲ್ಲಿ ಕಾದ ಒಲೆ, ಇನ್ನೊಂದು ಪಕ್ಕದಲ್ಲಿ ಮಂಜುಗಡ್ಡೆಯ ಪೆಟ್ಟಿಗೆ, ನಡುವೆ ಬೆನ್ನಿಗೆ ಬೆನ್ನು ತಾಗುವಷ್ಟು ಇಕ್ಕಟ್ಟು. ಅಲ್ಲಿಂದ ಹೊರಬಂದ ತಟ್ಟೆ ಬಿಳಿ ಹಾಸಿನ ಮೇಜಿನ ಮೇಲೆ, ಬೆಳ್ಳಿಯ ಚಮಚಗಳ ನಡುವೆ, ಗಾಡಿಯ ಕುಲುಕಿಗೆ ಒಂದು ತೊಟ್ಟೂ ಚೆಲ್ಲದಂತೆ ಇಳಿಯಬೇಕು. ಈ ಸೇವೆಯಿಂದ ಕಂಪನಿಗಳಿಗೆ ಸಾಮಾನ್ಯವಾಗಿ ನಷ್ಟವೇ ಆಗುತ್ತಿತ್ತು. ಪ್ರಯಾಣಿಕರನ್ನು ಸೆಳೆಯುವ ಜಾಹೀರಾತಿನ ಖರ್ಚೆಂದು ಅವು ಅದನ್ನು ಭರಿಸುತ್ತಿದ್ದವು.

ಸಾಹಿತ್ಯದ ವಿದ್ಯಾರ್ಥಿಗಳು ಈ ಇಕ್ಕಟ್ಟಾದ ಅಡುಗೆಮನೆಯ ಬಳಿ ತುಸು ನಿಲ್ಲಬೇಕು. ಜಮೈಕಾದಲ್ಲಿ ಹುಟ್ಟಿ 1912ರಲ್ಲಿ ಅಮೆರಿಕಕ್ಕೆ ಬಂದ ಕವಿ ಕ್ಲಾಡ್ ಮೆಕೆ ಪೆನ್ಸಿಲ್ವೇನಿಯಾ ರೈಲ್ರೋಡಿನ ಊಟದ ಬೋಗಿಗಳಲ್ಲಿ ವೇಟರ್ ಆಗಿದ್ದ. 1919ರ ಬೇಸಿಗೆಯಲ್ಲಿ ಅಮೆರಿಕದ ನಗರಗಳಲ್ಲಿ ಕಪ್ಪು ಜನರ ಮೇಲೆ ಸಾಲು ಸಾಲಾಗಿ ಹಲ್ಲೆಗಳು ನಡೆದವು. ರೈಲಿನ ನೌಕರರಿಗೆ ತಾವು ಇಳಿಯುವ ಮುಂದಿನ ಊರಿನ ಮನಸ್ಥಿತಿ ಏನೆಂಬುದು ತಿಳಿಯದು. ನಿಲ್ದಾಣದಿಂದ ತಂಗುವ ಕೋಣೆಗೆ ಅವರು ಗುಂಪಾಗಿ, ಕೆಲವರು ಆಯುಧ ಇಟ್ಟುಕೊಂಡು ನಡೆಯುತ್ತಿದ್ದರೆಂದು ಮೆಕೆ ತನ್ನ ಆತ್ಮಕಥನದಲ್ಲಿ ಬರೆದಿದ್ದಾನೆ. ಆ ದಿನಗಳಲ್ಲಿ ಹುಟ್ಟಿದ್ದು ‘ಇಫ್ ವಿ ಮಸ್ಟ್ ಡೈ’ ಎಂಬ ಸಾನೆಟ್. ಅದೇ ವರ್ಷ ಜುಲೈನಲ್ಲಿ ‘ಲಿಬರೇಟರ್’ ಪತ್ರಿಕೆಯಲ್ಲಿ ಅಚ್ಚಾದ ಈ ಕವಿತೆಯನ್ನು ಕವಿ ಊಟದ ಬೋಗಿಯ ತನ್ನ ಸಂಗಡಿಗರಿಗೆ ಓದಿ ಹೇಳಿದ. ಅವರಿಗೆ ಅವನು ಓದಿ ಹೇಳಿದ ಕವಿತೆ ಅದೊಂದೇ. ಕೇಳಿದವರೆಲ್ಲ ಕಲಕಿಹೋದರು, ಅವರಲ್ಲಿ ತೀರ ಹುಡುಗಾಟದವನೆನಿಸಿಕೊಂಡಿದ್ದ ವೇಟರ್ ಅತ್ತುಬಿಟ್ಟನಂತೆ. ಹಾರ್ಲೆಮ್ ನವೋದಯದ ಮೊದಲ ದನಿಗಳಲ್ಲಿ ಒಂದೆಂದು ಸಾಹಿತ್ಯ ಚರಿತ್ರೆಗಳು ಗುರುತಿಸುವ ಕವಿತೆಯ ಮೊದಲ ಸಹೃದಯರು ತಟ್ಟೆ ಹೊರುವವರಾಗಿದ್ದರು ಎಂಬುದನ್ನು ಆ ಚರಿತ್ರೆಗಳು ಅಡಿಟಿಪ್ಪಣಿಗೆ ತಳ್ಳುವುದು ಸರಿಯಲ್ಲ.

ಮೆಕೆಯ 1928ರ ಕಾದಂಬರಿ ‘ಹೋಮ್ ಟು ಹಾರ್ಲೆಮ್’ನ ಒಂದು ದೊಡ್ಡ ಭಾಗ ನಡೆಯುವುದೂ ಊಟದ ಬೋಗಿಯಲ್ಲಿಯೇ. ಅಲ್ಲಿ ಅಡುಗೆಯವರ ಸಾಲಿನಲ್ಲಿ ಮೂರನೆಯವನಾದ ಜೇಕ್ ಇದ್ದಾನೆ; ಹೈಟಿ ದೇಶದಿಂದ ಬಂದ, ಬಿಡುವಿನಲ್ಲಿ ಫ್ರೆಂಚ್ ಪುಸ್ತಕ ಹಿಡಿದು ಕೂರುವ ವೇಟರ್ ರೇ ಇದ್ದಾನೆ. ಗುಲಾಮರ ದಂಗೆಯ ನಾಯಕ ತೂಸೆಂ ಲೂವರ್ತ್ಯೂರನ ಕಥೆಯನ್ನು ಜೇಕ್ ಮೊದಲ ಬಾರಿಗೆ ಕೇಳುವುದು ಈ ರೇನ ಬಾಯಿಂದ. ಮುಖ್ಯ ಬಾಣಸಿಗನ ದರ್ಪ, ಉಗ್ರಾಣದವನೊಂದಿಗೆ ಅವನ ಹಗೆ, ಪಿಟ್ಸ್‌ಬರ್ಗ್‌ನಲ್ಲಿ ಸಿಬ್ಬಂದಿ ಮಲಗುವ ಕೋಣೆಯ ತಿಗಣೆಗಳು, ಯಾವುದನ್ನೂ ಕಾದಂಬರಿ ಮರೆಮಾಚುವುದಿಲ್ಲ. ದಲಿತ ಬರಹವನ್ನು ಓದಿದವರಿಗೆ ಈ ನಿರೂಪಣೆಯ ನಿಷ್ಠುರತೆ ಹೊಸದೆನಿಸದು. ತನ್ನವರನ್ನು ಹಸನುಗೊಳಿಸದೆ ತೋರಿಸಿದ್ದಕ್ಕಾಗಿ ಮೆಕೆಯನ್ನು ಅವನ ಕಾಲದ ಕಪ್ಪು ವಿದ್ವಾಂಸರೇ, ಡಬ್ಲ್ಯು. ಇ. ಬಿ. ಡುಬಾಯ್ಸ್‌ರಂಥವರೇ, ಟೀಕಿಸಿದ್ದರು. ಬಹಳ ದಿನ ನಡೆದ ಆ ಜಗಳ ಇಲ್ಲಿ ಬೇಡ.

ಪೋರ್ಟರುಗಳು ಸಂಘ ಕಟ್ಟಿದ್ದು 1925ರ ಆಗಸ್ಟ್‌ನಲ್ಲಿ. ಅವರ ನಾಯಕ ಎ. ಫಿಲಿಪ್ ರ‍್ಯಾಂಡಾಲ್ಫ್ ಸ್ವತಃ ಪೋರ್ಟರ್ ಅಲ್ಲ, ಪತ್ರಕರ್ತ. ಕಂಪನಿ ಕೆಲಸದಿಂದ ತೆಗೆದುಹಾಕಲಾಗದವನೇ ಬೇಕೆಂದು ಅವರು ಅವನನ್ನು ಆರಿಸಿಕೊಂಡರು. ತಿಂಗಳಿಗೆ 400 ಗಂಟೆ ಅಥವಾ 11,000 ಮೈಲಿ ದುಡಿದರೆ ಪೂರ್ಣ ಸಂಬಳ ಎಂಬುದು ಆಗಿನ ಕಟ್ಟಳೆ. ಹನ್ನೆರಡು ವರ್ಷಗಳ ಹೋರಾಟದ ನಂತರ 1937ರಲ್ಲಿ ಪುಲ್‌ಮನ್ ಕಂಪನಿ ಒಪ್ಪಂದಕ್ಕೆ ಸಹಿ ಹಾಕಿ ದುಡಿಮೆಯನ್ನು 240 ಗಂಟೆಗೆ ಇಳಿಸಿತು. ಇದೇ ರ‍್ಯಾಂಡಾಲ್ಫ್ 1941ರಲ್ಲಿ, ಯುದ್ಧಸಾಮಗ್ರಿಯ ಕಾರ್ಖಾನೆಗಳಲ್ಲಿ ಕಪ್ಪು ಜನರಿಗೆ ಕೆಲಸ ಕೊಡದಿದ್ದರೆ ರಾಜಧಾನಿಗೆ ಜಾಥಾ ತರುತ್ತೇನೆಂದು ಅಧ್ಯಕ್ಷ ರೂಸ್‌ವೆಲ್ಟರಿಗೆ ಎಚ್ಚರಿಕೆ ಕೊಟ್ಟ. ಜಾಥಾ ನಡೆಯಲಿಲ್ಲ, ಬದಲಿಗೆ ರೂಸ್‌ವೆಲ್ಟ್ ನ್ಯಾಯಯುತ ಉದ್ಯೋಗದ ಸಮಿತಿಯೊಂದನ್ನು ನೇಮಿಸಿದರು. ಆ ಸಮಿತಿಯ ಕ್ಷೇತ್ರ ಪ್ರತಿನಿಧಿಯಾಗಿ, ತಾರತಮ್ಯದ ದೂರುಗಳ ಕೆಲಸದ ಮೇಲೆ ಅಲಬಾಮಾದ ಬರ್ಮಿಂಗ್‌ಹ್ಯಾಮ್‌ಗೆ ಹೊರಟಿದ್ದವನು ಎಲ್ಮರ್ ಹೆಂಡರ್ಸನ್. ಅವನನ್ನು ಆ ರೈಲಿಗೆ ಹತ್ತಿಸಿದ್ದು, ಒಂದು ಬಗೆಯಲ್ಲಿ, ರೈಲಿನ ಆಳುಗಳ ಸಂಘವೇ.

1942ರ ಮೇ 17. ಮಧ್ಯಾಹ್ನ ಎರಡಕ್ಕೆ ವಾಷಿಂಗ್ಟನ್ ಬಿಟ್ಟ ಸದರ್ನ್ ರೈಲ್ವೆಯ ಗಾಡಿಯಲ್ಲಿ ಹೆಂಡರ್ಸನ್ ಪ್ರಥಮ ದರ್ಜೆಯ ಪ್ರಯಾಣಿಕ. ಸಂಜೆ ಸುಮಾರು ಐದೂವರೆಗೆ, ಗಾಡಿ ವರ್ಜೀನಿಯಾದಲ್ಲಿದ್ದಾಗ, ಊಟದ ಮೊದಲ ಕರೆ ಬಂತು. ಕೂಡಲೇ ಎದ್ದು ಹೋದ. ಕಂಪನಿಯ ನಿಯಮದಂತೆ ಅಡುಗೆಮನೆಗೆ ಹತ್ತಿದ ಕೊನೆಯ ಎರಡು ಮೇಜುಗಳು ಕಪ್ಪು ಪ್ರಯಾಣಿಕರಿಗೆ. ಅವರು ಉಣ್ಣುವಾಗ ನಡುವೆ ಪರದೆ ಎಳೆಯಬೇಕು. ಆದರೆ ಉಳಿದ ಮೇಜುಗಳು ತುಂಬುವುದರೊಳಗೆ ಕಪ್ಪು ಪ್ರಯಾಣಿಕರಾರೂ ಬರದಿದ್ದರೆ ಪರದೆ ಸರಿಸಿ ಬಿಳಿಯರನ್ನು ಅಲ್ಲಿಯೂ ಕೂರಿಸಬಹುದು. ಹೆಂಡರ್ಸನ್ ಬಂದಾಗ ಆ ಮೇಜುಗಳಲ್ಲಿ ಬಿಳಿಯರು ಕೂತಿದ್ದರು. ಒಂದು ಕುರ್ಚಿಯಾದರೂ ಖಾಲಿಯಿತ್ತು. ಸ್ಟೀವರ್ಡ್ ಅವನನ್ನು ಕೂರಿಸಲಿಲ್ಲ. ಬೇಕಿದ್ದರೆ ಹೆಚ್ಚಿನ ಹಣ ತೆಗೆದುಕೊಳ್ಳದೆ ನಿಮ್ಮ ಆಸನಕ್ಕೇ ಊಟ ತಂದುಕೊಡುತ್ತೇವೆ ಎಂದ. ಹೆಂಡರ್ಸನ್ ಒಪ್ಪಲಿಲ್ಲ. ಜಾಗವಾದಾಗ ಹೇಳಿ ಕಳುಹಿಸುವುದಾಗಿ ಸ್ಟೀವರ್ಡ್ ಮಾತು ಕೊಟ್ಟ. ಹೇಳಿಕೆ ಬರಲಿಲ್ಲ. ಹೆಂಡರ್ಸನ್ ತಾನಾಗಿಯೇ ಮತ್ತೆ ಎರಡು ಸಲ ಹೋಗಿ ನಿಂತ. ರಾತ್ರಿ ಒಂಬತ್ತಕ್ಕೆ ಊಟದ ಬೋಗಿಯನ್ನೇ ಗಾಡಿಯಿಂದ ಕಳಚಿದರು.

ಆಸನಕ್ಕೇ ಊಟ ತಂದುಕೊಡುತ್ತೇವೆ ಎಂಬ ಮಾತನ್ನು ಮೇಲುನೋಟಕ್ಕೆ ಸೌಜನ್ಯವೆನ್ನಬಹುದು. ತಟ್ಟೆ ಅದೇ, ಪದಾರ್ಥ ಅದೇ, ಬೆಲೆಯೂ ಅದೇ. ಮೇಲಾಗಿ ಎದ್ದು ನಡೆಯುವ ಶ್ರಮವೂ ಇಲ್ಲ. ಹಾಗಿದ್ದರೆ ಅವನು ನಿರಾಕರಿಸಿದ್ದೇಕೆ? ಜೈನ ಆಚಾರಶಾಸ್ತ್ರದ ಒಂದು ವಿಂಗಡಣೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. ‘ತತ್ತ್ವಾರ್ಥಸೂತ್ರ’ದ ಏಳನೆಯ ಅಧ್ಯಾಯ ದಾನದ ಹೆಚ್ಚುಗಾರಿಕೆ ನಾಲ್ಕರಿಂದ ನಿರ್ಧಾರವಾಗುತ್ತದೆ ಎನ್ನುತ್ತದೆ: ವಿಧಿ, ದ್ರವ್ಯ, ದಾತೃ, ಪಾತ್ರ. ಕೊಡುವ ವಸ್ತುವಿಗಿಂತ ಮೊದಲು ಕೊಡುವ ರೀತಿಯ ಹೆಸರು ಬಂದಿದೆ. ಮುನಿಗೆ ಆಹಾರ ನೀಡುವ ಶ್ರಾವಕ ಅನುಸರಿಸಬೇಕಾದ ಒಂಬತ್ತು ಬಗೆಯ ಭಕ್ತಿಯನ್ನು ಶ್ರಾವಕಾಚಾರಗಳು ವಿವರಿಸುವಾಗ ಮೊದಲನೆಯದು ಎದುರುಗೊಂಡು ಬರಮಾಡಿಕೊಳ್ಳುವುದು, ಎರಡನೆಯದು ಉನ್ನತವಾದ ಆಸನ ಕೊಡುವುದು; ಆಹಾರದ ಶುದ್ಧಿ ಬರುವುದು ಕಟ್ಟಕಡೆಗೆ. ಆಸನವೂ ಊಟದ ಭಾಗವೇ ಎಂಬ ತಿಳಿವು ಅದರಲ್ಲಿದೆ. ಸದರ್ನ್ ರೈಲ್ವೆ ದ್ರವ್ಯದಲ್ಲಿ ಕೊರತೆ ಮಾಡಲಿಲ್ಲ. ಅದು ಕೆಡಿಸಿದ್ದು ವಿಧಿಯನ್ನು.

ಈ ಹೋಲಿಕೆಯನ್ನು ಬಹಳ ದೂರ ಎಳೆಯಬಾರದು. ರೈಲಿನ ಊಟ ದಾನವಲ್ಲ, ಹಣ ಕೊಟ್ಟು ಕೊಂಡದ್ದು. ಕೊಂಡವನಿಗೆ ಬೇಕಾದ್ದು ಭಕ್ತಿಯಲ್ಲ, ಹಕ್ಕು. ಅಲ್ಲದೆ ಇದೇ ಶಾಸ್ತ್ರಪರಂಪರೆ ಪಾತ್ರ, ಕುಪಾತ್ರ, ಅಪಾತ್ರ ಎಂದು ಉಣ್ಣುವವರನ್ನು ಶ್ರೇಣಿಗಳಲ್ಲಿ ಇಟ್ಟಿದೆ. ಆ ಉನ್ನತಾಸನ ಎಲ್ಲರಿಗೂ ಇದ್ದುದಲ್ಲ ಎಂಬುದನ್ನು ಜೈನ ಸಾಹಿತ್ಯದ ಅಭ್ಯಾಸಿಗಳು ಮುಚ್ಚಿಡಬೇಕಾಗಿಲ್ಲ.

ಹೆಂಡರ್ಸನ್ 1942ರ ಅಕ್ಟೋಬರಿನಲ್ಲಿ ಅಂತರರಾಜ್ಯ ವಾಣಿಜ್ಯ ಆಯೋಗಕ್ಕೆ ದೂರು ಕೊಟ್ಟ. ಅವನಿಗೆ ಅನ್ಯಾಯವಾದದ್ದು ನಿಜ, ಆದರೆ ಅದು ಸ್ಟೀವರ್ಡನ ಅಲಕ್ಷ್ಯ, ಮುಂದಿನದಕ್ಕೆ ಆದೇಶ ಬೇಕಿಲ್ಲ ಎಂದಿತು ಆಯೋಗ. ಆ ನಿಯಮ ಸಾಲದೆಂದು ಕೆಳ ನ್ಯಾಯಾಲಯ ಹೇಳಿದಾಗ ಕಂಪನಿ 1946ರಲ್ಲಿ ಹೊಸ ನಿಯಮ ಮಾಡಿತು: ಹತ್ತು ಮೇಜು, ಅಂದರೆ ನಲವತ್ತು ಕುರ್ಚಿ ಬಿಳಿಯರಿಗೆ, ಪರದೆ ಹಾಕಿದ ಒಂದು ಮೇಜು, ನಾಲ್ಕು ಕುರ್ಚಿ ಕಪ್ಪು ಜನರಿಗೆ, ಅವರಿಗೆ ಮಾತ್ರ. ಇದಕ್ಕೆ ಕಂಪನಿ ಕೊಟ್ಟ ಸಮರ್ಥನೆ ಶೇಕಡಾವಾರು ಲೆಕ್ಕದ್ದು. ಊಟಕ್ಕೆ ಬರುವವರಲ್ಲಿ ಕಪ್ಪು ಜನರ ಪ್ರಮಾಣ ಎಷ್ಟೋ ಅದಕ್ಕಿಂತ ಹೆಚ್ಚೇ ಕುರ್ಚಿ ಕೊಟ್ಟಿದ್ದೇವೆ ಎಂಬುದು ಅದರ ವಾದ. ಲೆಕ್ಕ ತಪ್ಪಿರಲಿಲ್ಲ. ಆದರೆ ಐದನೆಯವನಾಗಿ ಬಂದ ಹಸಿದ ಮನುಷ್ಯನಿಗೆ ಸರಾಸರಿಯಿಂದ ಹೊಟ್ಟೆ ತುಂಬುವುದಿಲ್ಲ. ಎದುರಿಗೆ ಹತ್ತು ಕುರ್ಚಿ ಖಾಲಿ ಇದ್ದರೂ ಅವನು ನಿಂತೇ ಇರಬೇಕು. ಈ ವಾದ ಹೊಸದೂ ಆಗಿರಲಿಲ್ಲ. ಬಿಳಿಯರಿಗೆ ಮಾತ್ರ ಮಲಗುವ, ಉಣ್ಣುವ ಬೋಗಿಗಳನ್ನು ಒದಗಿಸಿದರೆ ಸಾಕೆಂದ ಒಕ್ಲಹೋಮಾದ ಕಾನೂನನ್ನು ಕುರಿತು 1914ರಲ್ಲಿಯೇ ಸುಪ್ರೀಂ ಕೋರ್ಟು, ಹಕ್ಕು ವ್ಯಕ್ತಿಯದು, ಅದು ಬರುವವರ ಸಂಖ್ಯೆಯನ್ನು ಅವಲಂಬಿಸದು ಎಂದಿತ್ತು. ಅರ್ಜಿದಾರರು ಮಾತ್ರ ಬೇರೆ ಕಾರಣಕ್ಕೆ ಸೋತಿದ್ದರು. 1941ರಲ್ಲಿ ಕಾಂಗ್ರೆಸ್ ಸದಸ್ಯ ಆರ್ಥರ್ ಮಿಚೆಲ್‌ರ ಮೊಕದ್ದಮೆಯಲ್ಲಿಯೂ ಪ್ರಥಮ ದರ್ಜೆಯ ಟಿಕೆಟಿದ್ದವರಿಗೆ ಊಟದ ಬೋಗಿ, ವಿಶ್ರಾಂತಿ ಬೋಗಿಗಳನ್ನು ಬಣ್ಣದ ಕಾರಣಕ್ಕೆ ನಿರಾಕರಿಸಲಾಗದೆಂಬ ಅರ್ಥದ ತೀರ್ಪು ಬಂದಿತ್ತು. ಆದರೆ ಪ್ರತ್ಯೇಕಿಸಿದರೂ ಸಮಾನ ಸೌಲಭ್ಯ ಕೊಟ್ಟರೆ ಸಾಕೆಂಬ 1896ರ ಪ್ಲೆಸ್ಸಿ ತೀರ್ಪು ಎಲ್ಲಕ್ಕೂ ಮೇಲೆ ಕೂತಿತ್ತು. ಅದೂ ರೈಲು ಬೋಗಿಯೊಂದರಲ್ಲಿ ಹುಟ್ಟಿದ ವ್ಯಾಜ್ಯವೇ.

ಹೆಂಡರ್ಸನ್ ಪ್ರಕರಣ ಸುಪ್ರೀಂ ಕೋರ್ಟಿಗೆ ಬಂದಾಗ ಒಂದು ವಿಚಿತ್ರ ನಡೆಯಿತು. ಆಯೋಗ ಸರ್ಕಾರದ್ದೇ, ಆದರೂ ಸರ್ಕಾರದ ವಕೀಲರು ಆಯೋಗದ ಪಕ್ಷ ಬಿಟ್ಟು ಹೆಂಡರ್ಸನ್‌ನ ಪಕ್ಷ ವಹಿಸಿದರು, ಪ್ಲೆಸ್ಸಿ ತೀರ್ಪನ್ನೇ ರದ್ದುಪಡಿಸಬೇಕೆಂದು ಕೋರಿದರು. ನ್ಯಾಯಾಲಯ ಅಷ್ಟು ದೂರ ಹೋಗಲಿಲ್ಲ. 1950ರ ಜೂನ್ 5ರಂದು ನ್ಯಾಯಮೂರ್ತಿ ಹೆರಾಲ್ಡ್ ಬರ್ಟನ್ ಬರೆದ ತೀರ್ಪು ಸಂವಿಧಾನದ ಪ್ರಶ್ನೆಯನ್ನು ಎತ್ತದೆ, ರೈಲು ಕಂಪನಿ ಯಾವ ವ್ಯಕ್ತಿಗೂ ಅನುಚಿತ ಅನನುಕೂಲ ಉಂಟುಮಾಡಬಾರದೆಂಬ 1887ರ ಕಾಯಿದೆಯ ಒಂದು ಕಲಮಿನ ಮೇಲೆಯೇ ನಿಂತಿತು. ಒಂದೇ ಬಗೆಯ ಟಿಕೆಟು ಹಿಡಿದು, ಅದೇ ಊಟದ ಬೋಗಿಗೆ ಬಂದವರ ನಡುವೆ ಪರದೆ, ತಡಿಕೆ, ಫಲಕಗಳು ಎತ್ತಿ ತೋರಿಸುವುದು ಈ ಭೇದದ ಕೃತಕತೆಯನ್ನೇ ಎಂದಿತು. ಅದೇ ದಿನ ಬಂದ ಇನ್ನೊಂದು ತೀರ್ಪು ಜಾರ್ಜ್ ಮೆಕ್ಲಾರಿನ್ ಎಂಬ ಸಂಶೋಧನಾ ವಿದ್ಯಾರ್ಥಿಯದು. ಒಕ್ಲಹೋಮಾ ವಿಶ್ವವಿದ್ಯಾಲಯ ಅವನನ್ನು ಸೇರಿಸಿಕೊಂಡಿತ್ತು. ಆದರೆ ತರಗತಿಯ ಪಕ್ಕದ ಕಿರುಕೋಣೆಯಲ್ಲಿ ಕೂರಿಸಿತ್ತು, ಗ್ರಂಥಾಲಯದಲ್ಲಿ ಬೇರೆ ಮೇಜು, ಊಟದ ಮನೆಯಲ್ಲಿಯೂ ಬೇರೆ ಮೇಜು ಕೊಟ್ಟಿತ್ತು. ವಿದ್ಯೆಗೂ ಅನ್ನಕ್ಕೂ ಒಂದೇ ಬಗೆಯ ಪರದೆ.

ಈ ಚರಿತ್ರೆಯೊಳಗೆ ಕರಾವಳಿ ಕರ್ನಾಟಕದ ಹೆಣ್ಣುಮಗಳೊಬ್ಬರ ಹೆಜ್ಜೆಯೂ ಇದೆ. 1903ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ ಎರಡನೆಯ ಮಹಾಯುದ್ಧದ ಆರಂಭದ ವರ್ಷಗಳಲ್ಲಿ ಅಮೆರಿಕದಲ್ಲಿ ಸಂಚರಿಸುತ್ತ ದಕ್ಷಿಣ ರಾಜ್ಯಗಳಿಗೂ ಹೋಗಿದ್ದರು. ಅದು ಊಟದ ಬೋಗಿಯಲ್ಲ, ಬಿಳಿಯರಿಗೆ ಮೀಸಲಾದ ಕೂರುವ ಬೋಗಿ. ಟಿಕೆಟು ನೋಡಲು ಬಂದವನು ಎದ್ದು ಹೋಗಿ ಎಂದ. ಅವರು ಏಳಲಿಲ್ಲ. ಅವನಿಗೆ ಅನುಮಾನ ಬಂದು ಮರಳಿ ಬಂದು, ನಿಮ್ಮದು ಯಾವ ದೇಶ ಎಂದು ಬಗೆಬಗೆಯಾಗಿ ಕೇಳಿದ. ಭಾರತೀಯಳು ಎಂಬ ಒಂದು ಮಾತಿನ ಹಿಂದೆ ಅಡಗಿಕೊಳ್ಳುವುದು ಸುಲಭವಿತ್ತು. ಪರದೇಶದ ಅತಿಥಿಗೆ ವಿನಾಯಿತಿ ಕೊಡಲು ಅವನೂ ಸಿದ್ಧನಿದ್ದಂತಿತ್ತು. ಕಮಲಾದೇವಿ ದೇಶದ ಹೆಸರು ಹೇಳಿದರು, ಆದರೆ ಅದರಿಂದ ಏನೂ ಬದಲಾಗದು, ತಾನು ಬಣ್ಣದ ಹೆಣ್ಣೇ, ಇಲ್ಲಿಂದ ಏಳುವ ಉದ್ದೇಶವಿಲ್ಲ ಎಂಬುದನ್ನೂ ಸೇರಿಸಿದರು. ಅವನು ಗೊಣಗಿಕೊಂಡು ಹೋದ. ಹೆಂಡರ್ಸನ್ ಬೇಡವೆಂದದ್ದೂ, ಕಮಲಾದೇವಿ ಬೇಡವೆಂದದ್ದೂ ಒಂದನ್ನೇ: ಕಟ್ಟಳೆಯನ್ನು ಹಾಗೆಯೇ ಉಳಿಸಿ ತನ್ನೊಬ್ಬರ ಮಟ್ಟಿಗೆ ಸಿಗುವ ಅನುಕೂಲವನ್ನು.

ಅವರು ಬಂದ ದೇಶದ ರೈಲು ನಿಲ್ದಾಣಗಳಲ್ಲಾದರೂ ಆಗ ಇದ್ದುದೇನು? ಹಿಂದೂ ನೀರು, ಮುಸಲ್ಮಾನ ನೀರು, ಹಿಂದೂ ಚಹಾ, ಮುಸಲ್ಮಾನ ಚಹಾ. ಉಪಾಹಾರದ ಕೋಣೆಗಳೂ ಹಾಗೆಯೇ ಬೇರೆ ಬೇರೆ. ಊಟದ ಬೋಗಿಗಳು ಮುಖ್ಯವಾಗಿ ಮೇಲ್ದರ್ಜೆಯವರ, ಯುರೋಪಿಯನ್ ರುಚಿಯ ತಾಣಗಳು. ಬಿ. ಆರ್. ಅಂಬೇಡ್ಕರ್ 1901ರ ತಮ್ಮ ಬಾಲ್ಯದ ಪಯಣವೊಂದನ್ನು ದಾಖಲಿಸಿದ್ದಾರೆ. ತಂದೆಯನ್ನು ಕಾಣಲು ಹೊರಟ ಮಕ್ಕಳು ಮಸೂರು ನಿಲ್ದಾಣದಲ್ಲಿ ಇಳಿದಾಗ ಸ್ಟೇಷನ್ ಮಾಸ್ತರ ಮೊದಲು ಅಕ್ಕರೆಯಿಂದಲೇ ಮಾತನಾಡಿಸಿದ. ಜಾತಿ ತಿಳಿದೊಡನೆ ಅವನ ಮುಖ ಬದಲಾಯಿತು. ಗಾಡಿಯವರು ಕೂರಿಸಲು ಒಪ್ಪದೆ, ಇಮ್ಮಡಿ ಬಾಡಿಗೆ ಕೊಟ್ಟು ಮಕ್ಕಳೇ ಎತ್ತಿನ ಗಾಡಿ ಹೊಡೆದುಕೊಂಡು ಹೋಗಬೇಕಾಯಿತು. ಬುತ್ತಿ ಜೊತೆಯಲ್ಲಿತ್ತು, ಕುಡಿಯಲು ನೀರು ಸಿಗದೆ ರಾತ್ರಿ ಉಪವಾಸ ಮಲಗಿದರು. ಇಲ್ಲಿ ಪರದೆಯ ಅಗತ್ಯವೂ ಇರಲಿಲ್ಲ.

ಅಂತರರಾಜ್ಯ ರೈಲುಗಳಲ್ಲಿ ಬಣ್ಣದ ಪ್ರತ್ಯೇಕತೆಯನ್ನು ಪೂರ್ತಿ ನಿಲ್ಲಿಸಬೇಕೆಂದು ಆಯೋಗ 1955ರಲ್ಲಿ ಆದೇಶ ಹೊರಡಿಸಿತು. 1956ರ ಜನವರಿಯಿಂದ ಅದು ಜಾರಿಗೆ ಬಂತು. ಅಷ್ಟು ಹೊತ್ತಿಗೆ ಪ್ರಯಾಣಿಕರು ಮೋಟಾರು, ವಿಮಾನಗಳ ಕಡೆಗೆ ಹೊರಳಿದ್ದರು. ನಷ್ಟ ತರುವ ಊಟದ ಬೋಗಿಗಳನ್ನು ಕಂಪನಿಗಳು ಒಂದೊಂದಾಗಿ ಕಳಚಿದವು. 1971ರಲ್ಲಿ ಉಳಿದ ದೂರಪ್ರಯಾಣದ ಗಾಡಿಗಳಲ್ಲಿ ಹೆಚ್ಚಿನವನ್ನು ಆಮ್‌ಟ್ರಾಕ್ ವಹಿಸಿಕೊಂಡಿತು. 1978ರಲ್ಲಿ ಪೋರ್ಟರುಗಳ ಸಂಘವೇ ಬೇರೊಂದು ದೊಡ್ಡ ಸಂಘದಲ್ಲಿ ಸೇರಿಹೋಯಿತು. ಎಲ್ಲರೂ ಕೂರಬಹುದಾದ ಹೊತ್ತಿಗೆ ಮೇಜುಗಳೇ ಕಡಿಮೆಯಾಗಿದ್ದವು.

ಹೆಂಡರ್ಸನ್ ತೀರ್ಪಿನಲ್ಲಿ ಸ್ಟೀವರ್ಡ್ ಇದ್ದಾನೆ, ಬಿಳಿಯ ಪ್ರಯಾಣಿಕರಿದ್ದಾರೆ, ಪರದೆಯ ವಿವರವಿದೆ, ಕುರ್ಚಿಗಳ ಲೆಕ್ಕವಿದೆ. ವೇಟರುಗಳಿಲ್ಲ. ಪರದೆಯ ಆಚೆಗೂ ಈಚೆಗೂ ದಿನಕ್ಕೆ ನೂರು ಸಲ ನಡೆದಾಡುತ್ತಿದ್ದವರು, ಪರದೆಯನ್ನು ದಾಟಲು ಆ ಬೋಗಿಯಲ್ಲಿ ಯಾವ ತಡೆಯೂ ಇಲ್ಲದಿದ್ದ ಕಪ್ಪು ಜನರು ಅವರೊಬ್ಬರೇ, ಅದೂ ಕೈಯಲ್ಲಿ ತಟ್ಟೆ ಇರುವವರೆಗೆ. ತಮ್ಮವನೊಬ್ಬ ಬಾಗಿಲಲ್ಲಿ ನಿಂತು ಎರಡು ಸಲ ಮರಳಿದ್ದನ್ನು ಅವರು ಹೇಗೆ ಕಂಡರೆಂಬುದನ್ನು ನ್ಯಾಯಾಲಯ ಕೇಳಬೇಕಾದ ಅಗತ್ಯವಿರಲಿಲ್ಲ. ಅದನ್ನು ಹುಡುಕುವ ವಿದ್ಯಾರ್ಥಿ ಕಾನೂನಿನ ಸಂಪುಟವನ್ನು ಪಕ್ಕಕ್ಕಿಟ್ಟು ‘ಹೋಮ್ ಟು ಹಾರ್ಲೆಮ್’ನ ಅಡುಗೆಮನೆಗೆ ಹೋಗಬೇಕು, ಅಲ್ಲಿ ರೇ ಇನ್ನೂ ಪುಸ್ತಕ ಹಿಡಿದು ಕೂತಿದ್ದಾನೆ.